ಹುಳುಮನೆಯ ಪಕ್ಕ ಬಿಡಾರ ಹೂಡಿರುವ ಹಳೇ ಮೋಟಾರು ಸೈಕಲ್ಲು ಅವರ ಸನ್ನಿಧಾನಕ್ಕೆ

ಮಾನ್ಯರೇ,

ಕ್ಯಾಸಂಬಳ್ಳಿ ಹೋಬಳಿಗೆ ಸೇರಿದ ನಮ್ಮ ಊರಿನ, ನಮ್ಮದೇ ಮನೆಯ, ಹಿಪ್ಪುನೇರಳೆ ಸೊಪ್ಪು ಇಡಲೆಂದು ನಾನೇ ಹಾಕಿಸಿಕೊಂಡ ಚಪ್ಪರದ ಕೆಳಗೆ ನೀಲಿ ಟಾರ್ಪಾಲು ಹೊದ್ದು ನೆಮ್ಮದಿಯಾಗಿ ಪವಡಿಸಿರುವ ತಮಗೆ, ಅದೇ ಮನೆಯ ಹಿರೀ ಸೊಸೆಯಾದ ಪುಷ್ಪ ಎಂಬ ನಾನು ತಲೆ ತಗ್ಗಿಸಿ, ಮೂಗು ಮುಚ್ಚಿಕೊಂಡು ಮಾಡುವ ನಮಸ್ಕಾರಗಳು. ತಮ್ಮ ಟ್ಯಾಂಕಿನ ತುಕ್ಕು, ಚಕ್ರಕ್ಕೆ ಹಬ್ಬಿರುವ ಬಳ್ಳಿ, ಸೀಟಿನೊಳಗೆ ಸಂಸಾರ ಹೂಡಿರುವ ಇಲಿಗಳು ಎಲ್ಲರೂ ಕ್ಷೇಮವೆಂದು ಭಾವಿಸುತ್ತೇನೆ. ನಮ್ಮ ಕಡೆ ಅಷ್ಟೇನೂ ಕ್ಷೇಮವಿಲ್ಲ, ಅದನ್ನು ತಿಳಿಸುವುದಕ್ಕಾಗಿಯೇ ಈ ಪತ್ರ.

ಊರಿನ ಮಹಿಳಾ ಸಂಘದ ಅರ್ಜಿಗಳನ್ನೆಲ್ಲ ಬರೆಯುವವಳು ನಾನೇ. ನಲ್ಲಿಯಲ್ಲಿ ನೀರು ಬರದಿದ್ದರೆ, ಬೀದಿ ದೀಪ ಕೆಟ್ಟರೆ, ಬಸ್ಸಿನವರು ಹೆಂಗಸರನ್ನು ಕಂಡು ನಿಲ್ಲಿಸದೆ ಹೋದರೆ, 'ಮಾನ್ಯರೇ' ಎಂದು ಶುರು ಮಾಡಿ ಗೌರವದಿಂದ ಬರೆದು ಕಳಿಸುತ್ತೇನೆ. ಮನುಷ್ಯರಿಗೆ ಬರೆದ ಅರ್ಜಿಗಳಿಗೆ ಇದುವರೆಗೆ ಬಂದಿರುವ ಉತ್ತರಗಳನ್ನು ನೋಡಿದರೆ, ಯಂತ್ರಕ್ಕೆ ಬರೆಯುವುದರಿಂದ ವಿಶೇಷ ನಷ್ಟವೇನೂ ಆಗಲಾರದೆಂದು ಧೈರ್ಯ ಮಾಡಿದ್ದೇನೆ.

ತಮ್ಮ ಕೀರ್ತಿಯನ್ನು ಅರಿಯದವರೂ ಇದನ್ನು ಓದಬಹುದಾದ್ದರಿಂದ ತಮ್ಮ ಪೂರ್ವೋತ್ತರವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ನನ್ನ ಮೈದುನ ಮಂಜೇಶ, ಉರಿಗಾಂನಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಅವರು ಬೇಡವೆಂದು ಬಿಟ್ಟ ಸಾಮಾನುಗಳ ನಡುವೆ ತಮ್ಮನ್ನು ಕಂಡು ಮನಸೋತನಂತೆ. ಮೊದಲು ತಾವು ಅವನ ಬಾಡಿಗೆ ಮನೆಯ ಬಾಗಿಲಲ್ಲೇ ಇದ್ದಿರಿ. ತಾವು ಒಂದು ಭಾನುವಾರ ಬೆಳಗ್ಗೆ ಬಾಯಿ ತೆರೆದಿರಿ ನೋಡಿ, ಆ ಬೀದಿಯವರು ತಮಿಳು, ತೆಲುಗು, ಕನ್ನಡ ಮೂರೂ ಭಾಷೆಗಳಲ್ಲಿ ಒಂದೇ ಮಾತನ್ನು ಹೇಳಿದರಂತೆ. ಅಷ್ಟು ಜನರನ್ನು ಒಗ್ಗೂಡಿಸುವುದು ಯಾವ ಚುನಾವಣೆಯಿಂದಲೂ ಆಗಿರಲಿಲ್ಲ. ಅದಾದ ವಾರದೊಳಗೆ ತಾವು ಟೆಂಪೋ ಏರಿ ನಮ್ಮ ಊರಿಗೆ ದಯಮಾಡಿಸಿದಿರಿ. "ಅಳ್ಳೀಲಿ ಗಾಳಿ ಬೇಕಾದಂಗೈತೆ ಅತ್ಗೆ, ಯಾರ್ಗೂ ತೊಂದ್ರೆ ಇಲ್ಲ" ಎಂದು ಮಂಜೇಶ ನನಗೆ ತಿಳಿಸಿ ಹೇಳಿದ. ಅವನು ಮಾತ್ರ ಕೆಲಸಕ್ಕೆ ಹೋಗುವುದು ಹೊಸ ಸ್ಕೂಟರಿನಲ್ಲಿ. ತಮ್ಮನ್ನು ನೋಡಲು ಹಬ್ಬಕ್ಕೆ ಬರುವುದೂ ಅದೇ ಸ್ಕೂಟರಿನಲ್ಲಿ. ಅದು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಅಂಥ ಸಪ್ಪೆ ಗಾಡಿಗೆ ಮರ್ಯಾದೆ ಎಲ್ಲಿಂದ ಬರಬೇಕು?

ತಾವಾದರೋ ಹಾಗಲ್ಲ. ತಿಂಗಳುಗಟ್ಟಲೆ ಮೌನವ್ರತದಲ್ಲಿದ್ದು, ಹಬ್ಬದ ದಿನ ಟಾರ್ಪಾಲು ತೆಗೆಸಿಕೊಂಡು, ಮೈ ತೊಳೆಸಿಕೊಂಡು, ಮಂಜೇಶನ ಕಾಲಿಗೆ ಸಾಕಷ್ಟು ವ್ಯಾಯಾಮ ಕೊಟ್ಟು, ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿದ ಮೇಲೆ ಒಂದು ಸಲ ಕೆಮ್ಮುತ್ತೀರಿ. ಆ ಕೆಮ್ಮಿನ ಜೊತೆ ಅಷ್ಟು ದಿನ ಒಳಗೆ ಇಳಿದು ಕೂತಿದ್ದ ಎಣ್ಣೆಯೆಲ್ಲ ಹೊಗೆಯಾಗಿ ಎದ್ದು, ಮೊದಲು ಚಪ್ಪರ, ಆಮೇಲೆ ಅಂಗಳ, ಆಮೇಲೆ ಎದುರು ಮನೆ ಕಾಣದಂತಾಗುತ್ತದೆ. ನೀಲಿಯೂ ಅಲ್ಲದ ಬಿಳುಪೂ ಅಲ್ಲದ ಆ ಬಣ್ಣಕ್ಕೆ ಹೆಸರು ನನಗೆ ತಿಳಿಯದು. ಹೊಗೆಯೊಳಗಿಂದ ಮಂಜೇಶನ ಧ್ವನಿ ಮಾತ್ರ ಬರುತ್ತಿರುತ್ತದೆ: "ನೋಡ್ದಾ ಅಣ್ಣ, ಇಂಜಿನ್ನು ಇನ್ನೂ ಗಟ್ಟಿ ಐತೆ." ನಮ್ಮ ಯಜಮಾನರಾದ ಮುನಿರಾಜು ಅವರು ಕಣ್ಣೊರೆಸಿಕೊಳ್ಳುತ್ತ ಹೌದೆಂದು ತಲೆಯಾಡಿಸುತ್ತಾರೆ. ಕಣ್ಣಲ್ಲಿ ನೀರು ಬಂದದ್ದು ತಮ್ಮನ ಮೇಲಿನ ಅಭಿಮಾನಕ್ಕೋ ತಮ್ಮ ಹೊಗೆಗೋ ನಾನು ಕೇಳಲು ಹೋಗಿಲ್ಲ.

ಇನ್ನು ನನ್ನ ವಿಷಯ. ತಮ್ಮ ಬಿಡಾರದ ಗೋಡೆಗೆ ಆತುಕೊಂಡಿರುವುದು ನನ್ನ ಹುಳುಮನೆ. ನಾನು ರೇಷ್ಮೆ ಹುಳು ಸಾಕುವವಳು. ಈ ಹುಳುವಿನಷ್ಟು ನಾಜೂಕಿನ ಪ್ರಾಣಿ ಭೂಮಿಯ ಮೇಲೆ ಇನ್ನೊಂದಿಲ್ಲ, ಅತ್ತೆ ಮನೆಗೆ ಮೊದಲ ಸಲ ಬರುವ ಅಳಿಯನೂ ಅದಕ್ಕಿಂತ ವಾಸಿ. ಅದಕ್ಕೆ ಒಗ್ಗರಣೆ ಘಾಟು ಆಗುವುದಿಲ್ಲ. ಸೀಮೆಎಣ್ಣೆ ಆಗುವುದಿಲ್ಲ, ಸೆಂಟು ಆಗುವುದಿಲ್ಲ, ಬೀಡಿ ಸೇದಿದವರ ಬೆರಳ ವಾಸನೆಯೂ ಆಗುವುದಿಲ್ಲ. ಸೊಪ್ಪಿನ ಮೇಲೆ ಏನಾದರೂ ಕೂತಿದ್ದರಂತೂ ಮುಗಿಯಿತು, ತಿಂದ ಹುಳು ತಲೆ ಎತ್ತಿ ಹಸಿರು ನೀರು ಕಕ್ಕಿ ಸುಮ್ಮನೆ ಮಲಗಿಬಿಡುತ್ತದೆ.

ಆದ್ದರಿಂದ ಹುಳುವಿನ ಬೆಳೆ ಮನೆಯಲ್ಲಿರುವಷ್ಟು ದಿನ ನಮ್ಮ ಮನೆಯಲ್ಲಿ ಮೆಣಸಿನಕಾಯಿ ಹುರಿಯುವುದಿಲ್ಲ. ಗಂಡಸರು ಸಪ್ಪೆ ಸಾರು ಉಂಡು ಮುಖ ಸಿಂಡರಿಸಿಕೊಳ್ಳುತ್ತಾರೆ. ದೇವರ ಮುಂದೆ ದೀಪವಿದೆ, ಊದಿನಕಡ್ಡಿ ಇಲ್ಲ. ವರಮಹಾಲಕ್ಷ್ಮಿಯೇ ಬಂದು ಕೂತರೂ ಹೂವು, ಹಣ್ಣಿನಲ್ಲೇ ತೃಪ್ತಿ ಪಡಬೇಕು. ನಮ್ಮ ಮಾವ ಚಿಕ್ಕಮುನಿಯಪ್ಪನವರು ಹಲ್ಲು ಬಂದಾಗಿನಿಂದ ಬೀಡಿ ಸೇದಿದವರು, ಹಲ್ಲು ಹೋದ ಮೇಲೂ ಬಿಡದವರು. ಅವರು ಸಹ ಬೆಳೆ ಮುಗಿಯುವವರೆಗೆ ಬೀಡಿ ಕಟ್ಟನ್ನು ನನ್ನ ಕೈಗೆ ಒಪ್ಪಿಸಿ, ಕಟ್ಟೆಯ ಮೇಲೆ ಕೂತು ಬರಿಗೈಯನ್ನು ಬಾಯಿಗೆ ತೆಗೆದುಕೊಂಡು ಹೋಗಿ ತರುತ್ತಿರುತ್ತಾರೆ. ಹೀಗೆ ದೇವರು, ಮಾವ, ಗಂಡ ಮೂವರಿಗೂ ಹೊಗೆ ನಿಲ್ಲಿಸಿದ ಮನೆಯಲ್ಲಿ ಹೊಗೆ ಬಿಡುವ ಅಧಿಕಾರ ಉಳಿದದ್ದು ತಮಗೊಬ್ಬರಿಗೇ. ತಮ್ಮ ಸ್ಥಾನ ದೇವರಿಗಿಂತ ಮೇಲೆ ಎಂದು ನಾನು ಬಾಯಿಮಾತಿಗೆ ಹೇಳುತ್ತಿಲ್ಲವೆಂಬುದನ್ನು ದಯವಿಟ್ಟು ಗಮನಿಸಬೇಕು.

ನಾವು ಯಾರೂ ತಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ. ನಾನೂ ತೆಗೆದುಕೊಳ್ಳಲಿಲ್ಲ. ಒಲೆ ಹೊಗೆ ಹೆಂಗಸರದ್ದು, ಅದು ಹುಳುವಿಗೆ ಕೆಡುಕು. ಬೀಡಿ ಹೊಗೆ ಮುದುಕರದ್ದು, ಅದೂ ಕೆಡುಕು. ಗಾಡಿ ಹೊಗೆ ಮಾತ್ರ ಅಂಗಳದಲ್ಲಿ ಎದ್ದು ಆಕಾಶಕ್ಕೆ ಹೋಗುವಂಥದ್ದು, ಅದಕ್ಕೂ ಮನೆಯೊಳಗಿನ ಹುಳುವಿಗೂ ಏನು ಸಂಬಂಧ ಎಂದುಕೊಂಡಿದ್ದೆವು.

ಹೋದ ವರ್ಷ ಆಯುಧಪೂಜೆಗೆ ಮಂಜೇಶ ತಮಗೆ ಅರಿಶಿನ ಕುಂಕುಮ ಬಳಿದು, ಚಕ್ರದಡಿ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದು ಚಾಲೂ ಮಾಡಿದ. ಅದಾದ ಎರಡೇ ದಿನಕ್ಕೆ ನನ್ನ ಬೆಳೆ ಹೋಯಿತು. ತಟ್ಟೆ ತಟ್ಟೆಯೇ ಗುಂಡಿಗೆ ಸುರಿದೆ. ಕಣ್ಣು ಬಿದ್ದಿದೆ ಎಂದರು, ಹುಳುಮನೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ. ಈ ಯುಗಾದಿಗೆ ಮಂಜೇಶ ಮತ್ತೆ ಬಂದ, ತಾವು ಮತ್ತೆ ಕೆಮ್ಮಿದಿರಿ, ಬೆಳೆ ಮತ್ತೆ ಹೋಯಿತು. ಆಗ ಕಣ್ಣಿನ ಮಾತು ಬಿಟ್ಟು ಕೈಯ ಮಾತಿಗೆ ಬಂದರು. ನಮ್ಮ ಯಜಮಾನರು ಹಾಲು ಹಾಕಲು ಹೋದ ಕಡೆ, ಕ್ಯಾನು ಹಿಡಿದು ನಿಂತಿದ್ದ ಊರ ಜನರ ಮುಂದೆ, "ನಮ್ಮೋಳ್ ಕೈಗುಣ ಕೆಟ್ಟೋಗೈತೆ ಕಣ್ರಪ್ಪ, ಏನ್ ಮುಟ್ಟಿದ್ರೂ ಉಳಿಯಾಕಿಲ್ಲ" ಎಂದುಬಿಟ್ಟರು.

ತಮಗೆ ಕೈ ಇಲ್ಲವಾದ್ದರಿಂದ ಇದರ ಅರ್ಥ ಹೇಳಬೇಕಾಗುತ್ತದೆ. ನಮ್ಮ ಕಡೆ ಕೋಳಿ ಕಾವಿಗೆ ಕೂರಿಸಬೇಕಾದರೆ, ಟೊಮೇಟೊ ಸಸಿಯ ಮೊದಲ ಸಾಲು ನಡಬೇಕಾದರೆ, ಉಪ್ಪಿನಕಾಯಿ ಜಾಡಿಗೆ ಮೊದಲ ಹಿಡಿ ಹಾಕಬೇಕಾದರೆ, ಕೈಗುಣವಿರುವವರನ್ನು ಹುಡುಕಿಕೊಂಡು ಬಂದು ಕರೆಯುತ್ತಾರೆ. ಮದುವೆಯಾಗಿ ಬಂದಾಗಿನಿಂದ ನಮ್ಮ ಬೀದಿಯಲ್ಲಿ ಕರೆಯುತ್ತಿದ್ದದ್ದು ನನ್ನನ್ನು. ಹಾಲಿನ ಡೇರಿಯ ಮುಂದೆ ಆ ಮಾತು ಬಿದ್ದ ಮೇಲೆ ಒಬ್ಬರೂ ಕರೆಯಲಿಲ್ಲ. ಪಕ್ಕದ ಮನೆ ದ್ಯಾವಮ್ಮ ನಾನು ನೋಡುತ್ತಿದ್ದ ಹಾಗೇ ಮೂರು ಬಾಗಿಲು ದಾಟಿ ಹೋಗಿ ಇನ್ನೊಬ್ಬಳನ್ನು ಕರೆದುಕೊಂಡು ಬಂದಳು. ಹೊಡೆದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ನನ್ನ ಕೈಯನ್ನು ನಾನೇ ತಿರುಗಿಸಿ ಮುರುಗಿಸಿ ನೋಡಿಕೊಳ್ಳುವಂತಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಅಣ್ಣ ತಮ್ಮ ಕೂತು, ಇನ್ನೊಂದು ಬೆಳೆ ನೋಡುವುದು, ಅದೂ ಕೆಟ್ಟರೆ ಹುಳುಮನೆ ಖಾಲಿ ಮಾಡಿಸಿ ತಮಗೆ ಬಿಟ್ಟುಕೊಡುವುದು ಎಂದು ತೀರ್ಮಾನ ಮಾಡಿದರು. ಚಪ್ಪರದಡಿ ತಮಗೆ ಮಳೆ ಎರಚಲು ಹೊಡೆಯುತ್ತದಂತೆ. ಅಂದರೆ ತಾವು ನನ್ನ ಹುಳುಗಳನ್ನು ಕೊಂದದ್ದಕ್ಕೆ ಬಹುಮಾನವಾಗಿ ಅವುಗಳ ಮನೆಯನ್ನೇ ತಮಗೆ ಕೊಡುವುದೆಂದಾಯಿತು. ಇಷ್ಟು ಸೊಗಸಾದ ನ್ಯಾಯವನ್ನು ನಾನು ತಾಲ್ಲೂಕು ಕಚೇರಿಯಲ್ಲೂ ಕಂಡಿಲ್ಲ.

ಮೂರನೇ ಬೆಳೆಗೆ ಚಾಕಿ ಹುಳು, ಅಂದರೆ ಎಳೇ ಮರಿಹುಳು, ತಂದೆ. ಹುಳು ಮೇವು ಬಿಟ್ಟು ತಲೆ ಎತ್ತಿ ನಿಂತು ಹಳೇ ಚರ್ಮ ಕಳಚುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಅಂಥ ನಾಲ್ಕು ಜ್ವರ ಎದ್ದರೆ ಆಮೇಲೆ ಹೊಟ್ಟೆ ಬಿರಿಯುವಂತೆ ತಿಂದು ಗೂಡು ಕಟ್ಟುವುದೊಂದೇ ಬಾಕಿ. ನಾಲ್ಕನೆಯದೂ ಎದ್ದಿತು. ರಾತ್ರಿ ಮಳೆ ಬಂದಂತೆ ತಟ್ಟೆಗಳಲ್ಲಿ ಸೊಪ್ಪು ಕರಕರ ಕಡಿಯುವ ಸದ್ದು ಕೇಳಿ ನನಗೆ ಎಷ್ಟೋ ತಿಂಗಳ ಮೇಲೆ ನಿದ್ದೆ ಬಂತು. ಮಾರನೇ ದಿನ ಗೌರಿ ಹಬ್ಬ. ಸ್ಕೂಟರಿನಲ್ಲಿ ಮಂಜೇಶ ಬಂದಿಳಿದ.

ಬೆಳಗ್ಗೆ ಕೊಯ್ದು ತಂದ ಸೊಪ್ಪನ್ನು ಒದ್ದೆ ಗೋಣಿ ಮುಚ್ಚಿ ಚಪ್ಪರದಡಿ ಇಡುವುದು ನನ್ನ ರೂಢಿ. ಅವತ್ತು ಹೊರೆ ದೊಡ್ಡದಿತ್ತು. ಗೋಣಿ ಚೀಲ ಸಾಲದೆ ಚಪ್ಪರದ ಸೊಪ್ಪು ಒಂದು ಕಡೆ ತೆರೆದೇ ಇತ್ತು. ತಾವು ಕೈಕಾಲು ಚಾಚಿಕೊಂಡು ಜಾಗವನ್ನೆಲ್ಲ ಹಿಡಿದಿದ್ದರಿಂದ ಅರ್ಧ ಹೊರೆ ಅಲ್ಲಿ ಹಿಡಿಸಲಿಲ್ಲ, ಅದನ್ನು ಮನೆಯೊಳಗೆ ನಡುಮನೆಯಲ್ಲಿ ಹಾಕಿದೆ. ನಾನು ಕೆರೆ ಕಡೆಯಿಂದ ಬರುವಷ್ಟರಲ್ಲಿ ಮಂಜೇಶ ತಮ್ಮನ್ನು ಎಬ್ಬಿಸಿಬಿಟ್ಟಿದ್ದ. ತಮ್ಮ ಹೊಗೆ ಕೊಳವೆ ಇದ್ದದ್ದು ಸೊಪ್ಪಿನ ಕಡೆಗೆ. ಇಂಜಿನ್ನು ಬಿಸಿಯಾಗಲಿ ಎಂದು ಅವನು ಕಾಫಿ ಕುಡಿದು ಮುಗಿಸುವ ತನಕ ತಮ್ಮನ್ನು ಹಾಗೇ ಗುರುಗುಟ್ಟಲು ಬಿಟ್ಟಿದ್ದ.

ಸಂಜೆ ಹೊತ್ತಿಗೆ ಬಾಗಿಲ ಕಡೆಯ ತಟ್ಟೆಗಳಲ್ಲಿ ಹುಳು ತಲೆ ಎತ್ತಿ ಕಕ್ಕತೊಡಗಿದವು. ನಾನು ಒಂದೊಂದೇ ತಟ್ಟೆ ನೋಡುತ್ತ ಹೋದೆ. ಒಳಗಿನ ಸಾಲಿನ ತಟ್ಟೆಗಳಿಗೆ ಬಂದರೆ ಅಲ್ಲಿ ಹುಳು ಎಂದಿನಂತೆ ತಿನ್ನುತ್ತಿವೆ. ಅದೇ ಹುಳು, ಅದೇ ಮನೆ, ಅದೇ ಕೈ. ಬಾಗಿಲ ಕಡೆಗೆ ಹಾಕಿದ್ದು ಚಪ್ಪರದ ಸೊಪ್ಪು, ಒಳಗಿನ ಸಾಲಿಗೆ ಹಾಕಿದ್ದು ನಡುಮನೆಯ ಸೊಪ್ಪು. ಚಪ್ಪರದಲ್ಲಿ ಉಳಿದಿದ್ದ ಸೊಪ್ಪನ್ನು ಮೂಗಿಗೆ ಹಿಡಿದೆ. ತಾವೇ ಇದ್ದಿರಿ. ಎಲೆ ಒರೆಸಿದರೆ ಬೆರಳಿಗೆ ಜಿಡ್ಡು ಹತ್ತಿತು. ನಾನು ಅಲ್ಲೇ ಮಣ್ಣಿನ ಮೇಲೆ ಕೂತು ಅತ್ತೆ, ಹುಳು ಸತ್ತದ್ದಕ್ಕಲ್ಲ.

ಹೀಗಾಗಿ ತಮಗೆ ಕೃತಜ್ಞತೆಯನ್ನೂ ಹೇಳಬೇಕಾಗಿದೆ. ತಾವು ಜಾಗ ಬಿಡದೆ ಅಷ್ಟು ಒಕ್ಕರಿಸಿಕೊಂಡಿರದಿದ್ದರೆ ಅಷ್ಟೂ ಸೊಪ್ಪು ಚಪ್ಪರದಡಿಯೇ ಇರುತ್ತಿತ್ತು, ಅಷ್ಟೂ ಹುಳು ಗುಂಡಿಗೆ ಹೋಗುತ್ತಿತ್ತು, ನನ್ನ ಕೈಯೇ ಕಾರಣವೆಂದು ನಾನೂ ನಂಬಿಕೊಂಡು ಸಾಯುತ್ತಿದ್ದೆ. ತಮ್ಮ ದುರಾಸೆಯಿಂದ ಅರ್ಧ ಬೆಳೆ ಉಳಿಯಿತು. ಉಳಿದ ಹುಳು ಹಣ್ಣಾಗಿ, ಬಿದಿರ ಚಂದ್ರಿಕೆ ತಟ್ಟಿ ಏರಿ, ಗೂಡು ಕಟ್ಟಿ, ಆ ಗೂಡು ಮಾರ್ಕೆಟ್ಟಿಗೂ ಹೋಗಿ ಬಂತು.

ಮಂಜೇಶನಿಗೆ ಇದು ತಿಳಿಯದೇ ಆದದ್ದೆಂದು ತಾವು ವಾದಿಸಬಹುದು. ನಾನೂ ಹಾಗೇ ಎಂದುಕೊಂಡು ಬಂಗಾರಪೇಟೆಯಲ್ಲಿ ತಮಗೆ ಔಷಧೋಪಚಾರ ಮಾಡುವ ಮೆಕಾನಿಕ್ ಗಿರಿಯ ಅಂಗಡಿಗೆ ಹೋಗಿ ಕೇಳಿದೆ. ಅವನು ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಡದೆ ಹೇಳಿದ: "ಅಕ್ಕಾ, ಹಳೇ ಗಾಡಿ ತಿಂಗ್ಳಾನ್ಗಟ್ಲೆ ನಿಂತ್ರೆ ಆಯಿಲ್ ಕೆಳಕ್ಕಿಳ್ದಿರ್ತದೆ, ಅದು ಸುಟ್ಟೋಗೋಗಂಟ ಒಗೆ ಬಂದೇ ಬತ್ತದೆ. ಊರಾಚೆ ಬಯಲ್ಗೆ ತಳ್ಕೊಂಡೋಗಿ ಸ್ಟಾರ್ಟ್ ಮಾಡಣ್ಣ ಅಂತ ನಾನ್ ಎಷ್ಟ್ ಕಿತ ಏಳಿವ್ನಿ." ಮಂಜೇಶ ಕೊಟ್ಟ ಉತ್ತರವನ್ನೂ ಅವನು ನಗುತ್ತ ಹೇಳಿದ. "ಊರೊಳ್ಗೆ ಗಾಡಿ ತಳ್ಕೊಂಡೋದ್ರೆ ಜನ ಏನಂತಾರೆ, ನಮ್ ಮರ್ವಾದೆ ಏನಾಗ್ಬೇಕು?" ಅಂದನಂತೆ.

ಮಾನ್ಯರೇ, ಈಗ ಲೆಕ್ಕ ನೋಡಿ. ಎರಡು ಬೆಳೆ ಪೂರಾ, ಒಂದು ಬೆಳೆ ಅರ್ಧ, ಒಬ್ಬ ಹೆಂಗಸಿನ ಕೈಯ ಹೆಸರು, ಇಷ್ಟೂ ಹೋದದ್ದು ಒಬ್ಬ ಗಂಡಸು ತನ್ನ ಗಾಡಿಯನ್ನು ಹಾಲಿನ ಡೇರಿಯ ಮುಂದೆ ತಳ್ಳಿಕೊಂಡು ಹೋಗಲು ನಾಚಿಕೊಂಡದ್ದಕ್ಕೆ. ಅವನ ಮರ್ಯಾದೆ ಅಷ್ಟು ತೂಕದ್ದೆಂದು ನನಗೆ ಮೊದಲೇ ಗೊತ್ತಿದ್ದರೆ ಅದನ್ನು ನಾನೇ ಸೊಪ್ಪಿನ ಹೊರೆಯ ಜೊತೆ ತಲೆ ಮೇಲೆ ಹೊತ್ತು ಊರಾಚೆ ದಾಟಿಸಿ ಬರುತ್ತಿದ್ದೆ.

ನಾನು ಗಿರಿಯನ್ನು ಕಾಣುವ ಮೊದಲೇ, ಹಬ್ಬದ ಮಾರನೇ ದಿನ ಎಲ್ಲರೂ ಕೂತಿದ್ದಾಗ ಆ ಜಿಡ್ಡು ಸೊಪ್ಪನ್ನು ತಂದು ನಡುವೆ ಹಾಕಿದೆ. ಯಜಮಾನರು ಮೂಸಿ ನೋಡಿ ಪಕ್ಕಕ್ಕಿಟ್ಟರು. ಮಂಜೇಶ "ಒಂಚೂರ್ ಒಗೆಗೆಲ್ಲ ಸಾಯ್ತವಾ ಅತ್ಗೆ?" ಎಂದ. ಆಗ ಅಷ್ಟೂ ದಿನ ಬೀಡಿ ಕಾಣದೆ ಒಣಗಿ ಕೂತಿದ್ದ ನಮ್ಮ ಮಾವನವರು ಮೆಲ್ಲಗೆ ಎದ್ದು ನಿಂತರು. "ಲೇ ಮಂಜ, ನನ್ ಬಾಯಾಗಿನ್ ಬೀಡಿ ಕಿತ್ಕೊಂಡ್ರಲ್ಲಾ, ಇದ್ರ ಬಾಯ್ಗೆ ಯಾವಾನ್ಲಾ ಬೆಂಕಿ ಇಟ್ಟಿದ್ದು? ಉಳಮನೆ ತಂಟೆಗೆ ಓದ್ರೆ ಅಣ್ಣ ತಮ್ಮ ಇಬ್ರಿಗೂ ಮನೇಲಿ ಜಾಗಿಲ್ಲ" ಎಂದು ಹೇಳಿ, ನನ್ನ ಕಡೆ ತಿರುಗಿ, "ಬೀಡಿ ಕಟ್ಟು ಕೊಡಮ್ಮ, ಗೂಡೆಲ್ಲ ಬಿಡ್ಸಿದ್ ಮ್ಯಾಕೇ ಸೇದ್ತೀನಿ, ಸುಮ್ಕೆ ಮಡಿಕ್ಕೊಂಡಿರ್ತೀನಿ" ಎಂದರು. ಹುಳುಮನೆ ನನಗೇ ಉಳಿಯಿತು. ಯಜಮಾನರು ಎದ್ದು ಹೋಗುವಾಗ "ಆಗಿದ್ದಾಯ್ತು ಬಿಡು" ಎಂದರು. ಮುಗಿದ ಮಾತು ಎಂಬಂತೆ ಟವಲು ಕೊಡವಿಕೊಂಡರು.

ಈಗ ನನ್ನ ವಿನಂತಿಗಳು. ತಾವು ಹೇಗೂ ವರ್ಷಕ್ಕೆ ಎರಡು ಮೂರು ಸಲವೇ ಉಸಿರಾಡುವವರಾದ್ದರಿಂದ, ಆ ಉಸಿರನ್ನು ಹೊರಗೆ ಬಿಡದೆ ಒಳಗೇ ಇಟ್ಟುಕೊಳ್ಳಲು ಸಾಧ್ಯವೇ ಎಂದು ಯೋಚಿಸಬೇಕು. ಸಾಧ್ಯವಿಲ್ಲವಾದರೆ ಹೊಗೆಗೊಂದು ಚೀಲ ಕಟ್ಟಿಸಿ, ಅದನ್ನು ಮಂಜೇಶನ ಸ್ಕೂಟರಿನ ಹಿಂದೆ ಇಟ್ಟು ಕೆಜಿಎಫ್‌ಗೆ ಕಳಿಸಿಕೊಡುತ್ತೇನೆ, ಅಲ್ಲಿನ ಬೀದಿಯವರು ತಮ್ಮನ್ನು ಇನ್ನೂ ಮರೆತಿಲ್ಲ. ಅಥವಾ ತಾವೇ ಒಂದು ಬೆಳೆ ಸಾಕಿ ತೋರಿಸಬೇಕು. ಮುಂಜಾನೆ ಇಬ್ಬನಿಯಲ್ಲಿ ಸೊಪ್ಪು ಕೊಯ್ದು, ತಟ್ಟೆ ತಟ್ಟೆಗೂ ಮೇವು ಹಾಕಿ, ಹಿಕ್ಕೆ ತೆಗೆದು, ಜ್ವರಕ್ಕೆ ಕೂತ ಹುಳುವಿನ ಪಕ್ಕ ಉಸಿರು ಬಿಗಿಹಿಡಿದು ನಿಂತು, ಆಮೇಲೆ ಒಂದು ದಿನ ಅಷ್ಟನ್ನೂ ಗುಂಡಿಗೆ ಸುರಿದು, ತಮ್ಮ ಹ್ಯಾಂಡಲ್ಲಿನ ಗುಣ ಸರಿಯಿಲ್ಲವೆಂದು ಊರವರ ಬಾಯಲ್ಲಿ ಕೇಳಿಸಿಕೊಳ್ಳಬೇಕು. ಅದಾದ ಮೇಲೂ ಟಾರ್ಪಾಲಿನಡಿ ನಿದ್ದೆ ಬಂದರೆ, ಹುಳುಮನೆಯನ್ನು ನಾನೇ ಗುಡಿಸಿ, ಸಾರಿಸಿ, ರಂಗೋಲಿ ಹಾಕಿ ತಮಗೆ ಬಿಟ್ಟುಕೊಡುತ್ತೇನೆ.

ಇದಾವುದೂ ಆಗದೆಂದು ನನಗೆ ಗೊತ್ತು. ಆದ್ದರಿಂದ ಕೊನೆಯದಾಗಿ ಒಂದೇ ಕೋರಿಕೆ. ಮುಂದಿನ ಹಬ್ಬಕ್ಕೆ ತಾವು ಎಚ್ಚರಗೊಳ್ಳುವ ಮೊದಲು ಮಂಜೇಶ ತಮ್ಮ ಕಿವಿ ಹಿಡಿದು, ನಡು ಬಗ್ಗಿಸಿ, ಹಾಲು ಹಾಕುವ ಹೊತ್ತಿಗೇ ಸರಿಯಾಗಿ, ಊರ ನಡುವಿನ ದಾರಿಯಲ್ಲೇ ಬಯಲಿನ ತನಕ ತಳ್ಳಿಕೊಂಡು ಹೋಗತಕ್ಕದ್ದು. ತಾವು ಹಟ ಮಾಡದೆ ಉರುಳಿ ಸಹಕರಿಸಬೇಕು.

ತಮ್ಮ ಹೊಗೆಯಲ್ಲಿ ಹೆಸರು ಕರಕಲಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಪುಷ್ಪ

ತಾ.ಕ.: ಈ ಪತ್ರವನ್ನು ಓದಿದ ನಮ್ಮ ಯಜಮಾನರು, "ಗಾಡಿಗ್ ಓದಾಕ್ ಬತ್ತದೇನೇ?" ಎಂದು ಕೇಳಿದರು. ಬರುವುದಿಲ್ಲ. ಓದಲು ಬರುವವರಿಗಾಗಿ ಇದರ ಇನ್ನೊಂದು ಪ್ರತಿಯನ್ನು ಹಾಲಿನ ಡೇರಿಯ ಬಾಗಿಲಿಗೆ ಅಂಟಿಸಿದ್ದೇನೆ. ನನ್ನ ಕೈಯ ಮೇಲೆ ಮಾತು ಬಿದ್ದದ್ದು ಅಲ್ಲಿ. ಅದನ್ನು ಎತ್ತಿಕೊಳ್ಳಬೇಕಾದವರು ಅಲ್ಲಿಯೇ, ಕ್ಯಾನು ಹಿಡಿದು ನಿಂತ ಅದೇ ಜನರ ಮುಂದೆ, ಅಷ್ಟೇ ಗಟ್ಟಿಯಾಗಿ ಎತ್ತಿಕೊಳ್ಳಬೇಕು. ಮನೆಯೊಳಗೆ ಮೆಲ್ಲಗೆ ಹೇಳಿದರೆ ನನಗೆ ಕೇಳಿಸುವುದಿಲ್ಲ.